ಬೆನ್ನ ಹಿಂದೆ ಕೇಳಿದ ಟಕಟಕ

ಕಂಪ್ಯೂಟರಿನ ಕೆಲಸದಲ್ಲಿರುವ ನನಗೆ ದೆವ್ವ, ಪವಾಡದ ಮಾತೆಂದರೆ ನಗು ಬರುತ್ತಿತ್ತು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೂ ಕೆಲವು ವರ್ಷಗಳ ಹಿಂದೆ ಚನ್ನಪಟ್ಟಣದಲ್ಲಿ ನಡೆದದ್ದೊಂದಕ್ಕೆ ನನ್ನ ಬಳಿ ಉತ್ತರವಿಲ್ಲ.

ರಹೀಂ ಸಾಬರದು ಬಣ್ಣದ ಗೊಂಬೆಗಳ ಸಣ್ಣ ಕಾರ್ಖಾನೆ. ಅವರು ಅರಗಿಗೆ ಬಣ್ಣ ಬೆರೆಸುವಾಗ ಉಳಿದವರೆಲ್ಲ ಬೆನ್ನು ತಿರುಗಿಸಿ ನಿಲ್ಲಬೇಕು; ಆಮೇಲೂ ಅದರ ಬಗ್ಗೆ ಕೇಳಕೂಡದು. ಅದು ಆ ಮನೆಯ ಪದ್ಧತಿ. ಗೊಂಬೆಗಳ ನಕ್ಷೆಗಳನ್ನು ಯಾರೂ ಕದಿಯದಂತೆ ಬೀಗ ಹಾಕಿಡುವ ಪ್ರೋಗ್ರಾಮನ್ನು ನಾನು ಬರೆದುಕೊಟ್ಟಾಗಲೂ ಅವರು ಅದನ್ನೇ ಹಿಡಿದರು. ಪ್ರೋಗ್ರಾಮಿನ ಏರ್ಪಾಡುಗಳನ್ನು ಬರೆದಿಡುವ ಕಾನ್ಫಿಗ್ ಫೈಲಿನಲ್ಲಿ ಬೀಗ ತೆರೆಯುವ ಗುಟ್ಟಿನ ಪದಕ್ಕೊಂದು ಹೆಸರಿತ್ತೇ ಹೊರತು ಪದವಿರಲಿಲ್ಲ. ಅದನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ, ಅಂದರೆ ಕಂಪ್ಯೂಟರಿನ ತಾತ್ಕಾಲಿಕ ನೆನಪಿಗೆ, ದಿನಾ ಬೆಳಿಗ್ಗೆ ಸಾಬರೇ ಟೈಪ್ ಮಾಡಬೇಕು. ಕಂಪ್ಯೂಟರ್ ಆರಿಸಿದರೆ ಅಳಿಸಿಹೋಗುತ್ತದೆ. ಎಲ್ಲಾದರೂ ಬರೆದಿಡಿ ಎಂದರೆ, "ಬರೆದಿಟ್ಮೇಲೆ ಅದೆಂಥಾ ಗುಟ್ಟು ಸಾಮಿ?" ಎಂದು ನನ್ನನ್ನೇ ಛೇಡಿಸುತ್ತಿದ್ದರು.

ಸಾಬರು ಒಂದು ದಿನ ಎದೆನೋವೆಂದು ಮಲಗಿದವರು ಏಳಲಿಲ್ಲ. ಗುಟ್ಟೂ ಅವರ ಜೊತೆಗೇ ಹೋಯಿತು. ನಕ್ಷೆ ತೆರೆಯದಿದ್ದರೆ ಮಗಳು ಶಬಾನಾ ಕಾರ್ಖಾನೆಯನ್ನೇ ಮುಚ್ಚಬೇಕಿತ್ತು. ತೋಚಿದ ಪದಗಳನ್ನೆಲ್ಲ ಹಾಕಿ ನೋಡಿ, ಮಧ್ಯಾಹ್ನದ ಹೊತ್ತಿಗೆ ನಾನು ಕೈಚೆಲ್ಲಿ ಕೂತೆ. ಪಕ್ಕದಲ್ಲಿ ನಿಂತಿದ್ದ ಶಬಾನಾ ಮೆಲ್ಲಗೆ, "ಗುಟ್ಟು ಹಾಕುವಾಗ ಆ ಕಡೆ ತಿರುಗ್ಕಬೇಕಲ್ವಾ ಅಣ್ಣ," ಎಂದಳು.

ಅವಳಿಗೇನೋ ನೆನಪಾಗಿರಬೇಕೆಂದು ನಾನು ಎದ್ದು ಗೋಡೆಗೆ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ಕೀಬೋರ್ಡಿನ ಟಕಟಕ ಕೇಳಿತು. ಸದ್ದು ನಿಂತ ಮೇಲೆ ತಿರುಗಿದರೆ ಪರದೆಯ ತುಂಬ ಸಾಬರ ಬುಗುರಿ, ಗಿಲಕಿ, ಕುದುರೆಗಳು. ಶಬಾನಾ ಅಳುತ್ತಿದ್ದಳು. ನಕ್ಷೆಗಳನ್ನೆಲ್ಲ ಬೇರೆ ಕಡೆ, ಬೀಗವಿಲ್ಲದೆ ಉಳಿಸಿಕೊಂಡೆವು. ಪದ್ಧತಿಯಂತೆ ನಾನೇನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಸಂಜೆ ಕಂಪ್ಯೂಟರ್ ಆರಿಸಿ ಮನೆಗೆ ಬಂದೆ. ಅಪ್ಪನಂತೆಯೇ ಗಟ್ಟಿ ಹುಡುಗಿ, ಪದ ಗೊತ್ತಿದ್ದೂ ಬಾಯಿಬಿಟ್ಟಿರಲಿಲ್ಲ ಎಂದುಕೊಂಡು ಆ ವಿಷಯ ಮರೆತೂಬಿಟ್ಟೆ.

ಮೊನ್ನೆ ಆ ಕಡೆ ಹೋಗಿದ್ದೆ. ಕಾರ್ಖಾನೆ ಚೆನ್ನಾಗಿ ನಡೆಯುತ್ತಿದೆ. ಚಹಾ ಕೊಡುತ್ತ ಶಬಾನಾ ಹೇಳಿದಳು: "ಅಬ್ಬಾ ನಂಗೆ ಹೇಳ್ದಿದ್ರೂ ನಿಮಗಾದ್ರೂ ಹೇಳಿದ್ರಲ್ಲಣ್ಣ, ಅಷ್ಟು ಸಾಕು ಬುಡಿ. ಅವತ್ತು ನೀವು ಟೈಪ್ ಮಾಡಿ ಮುಗಿಸೋಗಂಟ ನಾನು ಬಾಗ್ಲು ಕಡೇನೇ ನೋಡ್ತಾ ನಿಂತಿದ್ದೆ."

ಅವತ್ತು ಗೋಡೆಗೆ ಮುಖ ಮಾಡಿ ನಿಂತಿದ್ದ ನಾನು, ಅವಳ ಮುಖದಲ್ಲಿದ್ದ ಸಮಾಧಾನ ನೋಡಿ, ಹೌದೆಂಬಂತೆ ತಲೆಯಾಡಿಸಿದೆ. ಆ ಕೋಣೆಯಲ್ಲಿ ಇದ್ದವರು ನಾವಿಬ್ಬರೇ.