ಧೋಕಾ ಎಂದು ಕೂಗಿದ ಗಾಡಿ

ಎರಡು ವರ್ಷದ ಹಿಂದಿನ ಮಾತು. ಮದುವೆಯಾಗಿ ಗದಗದಿಂದ ಸಾಂಗ್ಲಿಗೆ ಬಂದ ಮೇಲೆ ಅದು ನನ್ನ ಮೊದಲ ಮಳೆಗಾಲ. ಕೃಷ್ಣಾ ನದಿಗೆ ಹತ್ತಿರದ ಓಣಿಯಲ್ಲಿ ಮಹಡಿಯ ಮೇಲೆ ಬಾಡಿಗೆಗಿದ್ದೆವು. ಕೆಳಗೆ ಮನೆಯೊಡತಿ ಒಬ್ಬರೇ ಇದ್ದರು. ಎಲ್ಲರೂ ಅವರನ್ನು ಆಜಿ ಎನ್ನುತ್ತಿದ್ದರು. ಆಜಿಗೆ ಕನ್ನಡ, ಮರಾಠಿ ಎರಡೂ ಮಾತಾಡಲು ಬರುತ್ತಿದ್ದವು, ಓದು ಬಾರದು, ಕಿವಿಯೂ ಮಂದ. ನನಗೆ ಕಿವಿ ಚುರುಕು, ಮರಾಠಿ ಸೊನ್ನೆ.

ಅಂದು ನಮ್ಮ ಮನೆಯವರು ಕುಪವಾಡದ ಕಾರ್ಖಾನೆಗೆ ಹೋದ ಮೇಲೆ ಓಣಿಗೆ ಧ್ವನಿವರ್ಧಕದ ಗಾಡಿ ಬಂತು. ಗಾಡಿಯವರು ಕೂಗಿದ್ದರಲ್ಲಿ ನನಗೆ ತಿಳಿದದ್ದು "ಧೋಕಾ" ಎಂಬ ಒಂದೇ ಮಾತು. ನಮ್ಮ ಕಡೆ ಧೋಕಾ ಎಂದರೆ ಮೋಸ. ಅಷ್ಟರಲ್ಲಿ ನನ್ನ ಫೋನು ಸೈರನ್ನಿನಂತೆ ಕಿರುಚಿಕೊಂಡಿತು. ಪರದೆಯ ತುಂಬ ಮರಾಠಿ ಸಂದೇಶ. ಆಜಿಯೂ ಕಿರುಚುತ್ತಿದ್ದ ತಮ್ಮ ಫೋನು ಹಿಡಿದು ಹೊರಗೆ ಬಂದರು.

"ಏನಂತವ್ವಾ ಇದು?"

"ಮೋಸಗಾರರು ಬಂದಾರಂತರಿ ಆಜಿ. ಫೋನ್ ಮುಟ್ಟಿದ್ರ ಬ್ಯಾಂಕಿನ ರೊಕ್ಕ ಹೋಗ್ತಾವ. ಬಾಗಲಾ ಹಾಕ್ಕೊಂಡು ಸುಮ್ಮ ಮಲಕೊಳ್ರಿ," ಎಂದು ಎರಡೂ ಫೋನ್ ಬಂದ್ ಮಾಡಿದೆ. ಮುದುಕಿಯನ್ನು ಉಳಿಸಿದೆನೆಂಬ ಹೆಮ್ಮೆ ಬೇರೆ!

ಮಧ್ಯಾಹ್ನ ಆಜಿಯ ಕೂಗು ಕೇಳಿ ಕೆಳಗೆ ಓಡಿದೆ. ಬಚ್ಚಲ ಮೋರಿಯಿಂದ ನೀರು ಉಕ್ಕಿ ಮನೆಯೆಲ್ಲ ತುಂಬುತ್ತಿತ್ತು. ಮೊಣಕಾಲು ನೋವಿನ ಆಜಿಗೆ ಮೆಟ್ಟಿಲು ಹತ್ತಲಾಗದು, ನನಗೆ ಅವರನ್ನು ಎತ್ತಲಾಗದು, ಕೂಗಿದರೆ ಓಣಿಯಲ್ಲಿ ಯಾರೂ ಇಲ್ಲ. ಇವರು ಇಲ್ಲೇ ಸಾಯುತ್ತಾರೆಂದು ಅಳುತ್ತ ಅವರನ್ನು ಹಿಡಿದುಕೊಂಡು ನಿಂತೆ. ನೀರು ಸೊಂಟಕ್ಕೆ ಬರುವ ಹೊತ್ತಿಗೆ ನಮ್ಮ ಮನೆಯವರು ಸ್ವಯಂಸೇವಕನೊಬ್ಬನ ಜೊತೆ ದೋಣಿ ತಂದರು.

"ಫೋನ್ ಯಾಕ ಬಂದ್ ಮಾಡೀದಿ? ನದಿ ಧೋಕಾ ಪಾತಳಿ ದಾಟೇತಿ, ಮನಿ ಬಿಡ್ರಿ ಅಂತ ಮುಂಜಾನಿಂದ ಒದರಾಕತ್ತಾರ!"

"ಧೋಕಾ ಅಂದ್ರ?"

"ಅಪಾಯ! ನದಿ ಅಪಾಯದ ಮಟ್ಟ ದಾಟೇತಿ. ಮತ್ತೇನು?"

ಮೂವರೂ ಸೇರಿ ಆಜಿಯನ್ನು ದೋಣಿಗೆ ಹತ್ತಿಸಿದೆವು.

ದೋಣಿಯಲ್ಲಿ ಸ್ವಯಂಸೇವಕ ಆಜಿಯನ್ನು ಮರಾಠಿಯಲ್ಲಿ ಗದರಿದ. ಆಜಿ ನನ್ನತ್ತ ನೋಡಿ, ಅವನಿಗೆ ಏನೋ ಹೇಳಿದರು. ಅವನು ತಟ್ಟನೆ ನನಗೆ ಕೈಮುಗಿದ.

"ಏನಂದ್ರು?" ಎಂದು ಮನೆಯವರನ್ನು ಕೇಳಿದೆ.

"ಈ ಹುಡುಗಿ ನೀರು ಏರೂದು ನೋಡಿ ಹೋಗೂಣು ಅಂತ ಬಡಕೊಂಡ್ಳು, ನಾನಽ ಹಟಾ ಹಿಡಿದು ಕುಂತೆ. ಆದ್ರೂ ನನ್ನ ಬಿಟ್ಟು ಹೋಗಲಿಲ್ಲ ಅಂದ್ರು," ಎಂದ ಅವರ ದನಿಯಲ್ಲಿ ಹೆಮ್ಮೆಯಿತ್ತು.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ತಲೆ ತಗ್ಗಿಸಿದೆ, ಅದನ್ನು ಅವರು ವಿನಯವೆಂದುಕೊಂಡರು.

ಓಣಿಯ ಹೆಂಗಸರು ಇಂದಿಗೂ ಆ ದಿನ ನೆನೆದು ನನ್ನನ್ನು ಮರಾಠಿಯಲ್ಲಿ ಹೊಗಳುತ್ತಾರೆ. ಈಗ ನನಗೆ ಮರಾಠಿ ಚೆನ್ನಾಗಿ ತಿಳಿಯುತ್ತದೆ. ತಿಳಿಯದಿದ್ದರೇ ಚೆನ್ನಾಗಿತ್ತು ಅನಿಸುತ್ತದೆ.