ಅವ್ವ ಇಟ್ಟ ಹೆಸರು

“ನಿಮ್ಮ ಕೆಲಸ ಚೆನ್ನಾಗಿದೆ, ಆದರೆ ಈ ಹೆಸರು ನಮ್ಮ ಕಂಪನಿಯ ಟ್ರೇಡ್‌ಮಾರ್ಕ್” ಎಂದು ಮುಂದಿನ ಸಾಲಿನಲ್ಲಿದ್ದ ಅಧಿಕಾರಿಯೊಬ್ಬರು ಎದ್ದು ಹೇಳಿದಾಗ, ಛತ್ರಪತಿ ಸಂಭಾಜಿನಗರದ ಕಾಲೇಜೊಂದರ ಸಭಾಂಗಣದಲ್ಲಿ, ಸಾಫ್ಟ್‌ವೇರ್ ಸ್ಪರ್ಧೆಯ ವೇದಿಕೆ ಮೇಲಿದ್ದ ನಾನು ಪರದೆಯಲ್ಲಿದ್ದ ಹೆಸರನ್ನು ತಿರುಗಿ ನೋಡಿದೆ. ಬ್ಯಾಂಕುಗಳಲ್ಲಿರುವಂಥ ದೊಡ್ಡ ಮೇನ್‌ಫ್ರೇಮ್ ಕಂಪ್ಯೂಟರ್‌ಗಳಿಗಾಗಿ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಮ್ ಒಂದನ್ನು ನಾವು ಮೂವರು ಗೆಳತಿಯರು ಎರಡು ವರ್ಷ ಕೂತು ಕಟ್ಟಿದ್ದೆವು. ಆ ಕಂಪನಿ ತಯಾರಿಸುವ ಯಂತ್ರದ ಹೆಸರನ್ನೇ ಅದಕ್ಕೂ ಇಟ್ಟಿದ್ದೆವು. ಅದು ತಪ್ಪೆಂದು ಹೊಳೆದೇ ಇರಲಿಲ್ಲ.

ತಮ್ಮ ಯಂತ್ರದಲ್ಲಿ ನಡೆಯುತ್ತದೆ ಎಂದು ಬರೆದುಕೊಳ್ಳಬಹುದು, ಹೆಸರು ಮಾತ್ರ ನಾವೇ ಬೇರೆ ಇಟ್ಟುಕೊಳ್ಳಬೇಕು ಎಂದು ಆ ಅಧಿಕಾರಿ ಸಮಾಧಾನದಿಂದಲೇ ತಿಳಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಬೇರೆ ಹೆಸರು ಕೊಡದಿದ್ದರೆ ಸ್ಪರ್ಧೆಯಲ್ಲಿ ಜಾಗವಿಲ್ಲ ಎಂದರು ಸಂಘಟಕರು.

ನಾಸಿಕ್‌ನಿಂದ ನನ್ನ ಜೊತೆ ಬಂದಿದ್ದ ಅವ್ವನಿಗೆ ವಿಷಯ ಹೇಳಿದೆ. ಅಲ್ಲಿನ ಅಂಬಡ್ ಕೈಗಾರಿಕಾ ಪ್ರದೇಶದಲ್ಲಿ ಇಪ್ಪತ್ತು ವರ್ಷ ಕಟ್ಟಡಗಳಿಗೆ ಸಿಮೆಂಟ್ ಬುಟ್ಟಿ ಹೊತ್ತವಳು ಆಕೆ.

“ನೀವು ಮಾಡಿದ್ದು ತಳದಾಗ ಇರ್ತೈತಿ, ಉಳಿದದ್ದೆಲ್ಲಾ ಅದರ ಮ್ಯಾಲ ನಡೀತೈತಿ ಅಂತ ನೀನ ಹೇಳ್ತಿದ್ದಿ. ಹಂಗಾರ ‘ಬುನಾದಿ’ ಅಂತ ಇಡು” ಎಂದಳು.

ಆ ಹೆಸರನ್ನು ಯಾರಾದರೂ ನೋಂದಾಯಿಸಿದ್ದಾರೆಯೇ ಎಂದು ಅದೇ ಅಧಿಕಾರಿ ನಮ್ಮ ಪಕ್ಕ ಕೂತು ಹುಡುಕಿಕೊಟ್ಟರು. ಈ ಬಗೆಯ ಕೆಲಸಕ್ಕೆ ಯಾರೂ ಇಟ್ಟಿರಲಿಲ್ಲ. ಸಂಜೆ ಮೊದಲ ಬಹುಮಾನಕ್ಕೆ ಮೈಕಿನಲ್ಲಿ ‘ಬುನಾದಿ’ ಎಂದು ಕೂಗಿದಾಗ ಅವ್ವ ನನಗಿಂತ ಮೊದಲೇ ಎದ್ದು ನಿಂತಿದ್ದಳು.

ಈಗ ಬುನಾದಿ ನಮ್ಮ ಹೆಸರಿನಲ್ಲೇ ನೋಂದಣಿಯಾಗಿದೆ. ಅದರ ಕೈಪಿಡಿಯ ಮೊದಲ ಪುಟದಲ್ಲಿ, ಹೆಸರಿಟ್ಟವರು ಎಂಬಲ್ಲಿ, ಅವ್ವನ ಪೂರ್ತಿ ಹೆಸರಿದೆ. ಕೂಲಿಯವರ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದನ್ನು ಬರೆದದ್ದು ನಾನು ನೋಡಿರಲಿಲ್ಲ.