ಫಿನ್ಲೆಂಡಿನ ಅಜ್ಜಿಗೆ ಇಟ್ಟ ಎಡೆ

ಎರಡು ವರ್ಷದ ಹಿಂದಿನ ಮಹಾಲಯ ಅಮಾವಾಸ್ಯೆ. ತುಮಕೂರಿನ ನಮ್ಮ ಮನೆಯ ಮಹಡಿ ರೂಮಿನಲ್ಲಿ ಎರಿಕ್ ಎಂಬ ಅಮೆರಿಕದವನು ಬಾಡಿಗೆಗಿದ್ದ. ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಹೊಸ ಮಿಷನ್ ಕೂರಿಸಲು ಬಂದಿದ್ದ. ಕೆಲಸ ಬಿಟ್ಟರೆ ಅವನಿಗೆ ಒಂದೇ ಹುಚ್ಚು, ತನ್ನ ವಂಶದ ಮೂಲ ಹುಡುಕುವುದು. ಅವನ ಮುತ್ತಜ್ಜಿ ಹದಿನೇಳಕ್ಕೇ ಫಿನ್ಲೆಂಡಿನ ಹಳ್ಳಿ ಬಿಟ್ಟು, ಒಬ್ಬಳೇ ಹಡಗು ಹತ್ತಿ ಅಮೆರಿಕ ಸೇರಿದವಳು. ಯಾವ ಬಂದರು, ಯಾವ ಹಡಗು ಎಂಬುದನ್ನೆಲ್ಲ ಅವನು ಪತ್ತೆ ಮಾಡಿದ್ದ. ಆಕೆ ಮತ್ತೆ ತವರು ನೋಡಲೇ ಇಲ್ಲವಂತೆ.

ಇದನ್ನು ಕೇಳಿ ಅಮ್ಮನ ಕರುಳು ಚುರುಕ್ಕೆಂದಿತು. "ಪಾಪ, ಆಯಮ್ಮಂಗೆ ಎಡೆ ಇಡೋರೂ ಇಲ್ವಲ್ಲೋ. ಫೋಟೋ ಇಸ್ಕೊಂಡು ಬಾ, ನಮ್ಮೋರ ಜೊತೆಗೇ ಇಡಾನ" ಎಂದಳು.

ಗುಬ್ಬಿ ಕಡೆಯ ನಮ್ಮಮ್ಮ ಇಂಥದ್ದರಲ್ಲಿ ಬಲು ಕಟ್ಟುನಿಟ್ಟು. ಹಾರ ಹಾಕುವ ಫೋಟೋದಲ್ಲಿ ಬದುಕಿರುವವರು ಇರಕೂಡದು. ಅಪ್ಪನ ಒಳ್ಳೆಯ ಫೋಟೋದಲ್ಲಿ ನಾನೂ ಇದ್ದೆನೆಂದು, ನನ್ನನ್ನು ಕತ್ತರಿಸಿ ತೆಗೆಸಿಯೇ ಕಟ್ಟು ಹಾಕಿಸಿದ್ದಳು. ಎರಿಕ್ ಕೊಟ್ಟದ್ದು ಮಾಸಿದ ಕಪ್ಪು ಬಿಳುಪು ಫೋಟೋ. ಮುತ್ತಜ್ಜಿಯ ತೊಡೆಯ ಮೇಲೊಂದು ಮಗು. ಅಷ್ಟು ಹಳೇ ಕಾಲದವರು ಯಾರು ಉಳಿದಾರೆಂದು ನಾನೂ ಅಮ್ಮನೂ ವಿಚಾರಿಸಲೇ ಇಲ್ಲ.

ಸಂಜೆ ಹಾರ ಹಾಕಿ, ಎಲೆಯಲ್ಲಿ ಕಡುಬು, ವಡೆ, ಪಾಯಸ ಬಡಿಸಿ, ಪಕ್ಕದಲ್ಲಿ ಹೊಸ ಸೀರೆಯನ್ನೂ ಇಟ್ಟೆವು. ಎರಿಕ್ ಖುಷಿಯಿಂದ ಮನೆಗೆ ವಿಡಿಯೋ ಕಾಲ್ ಮಾಡಿ ಎಲ್ಲವನ್ನೂ ತೋರಿಸಿದ. ಫೋನಿನಲ್ಲಿ ಹಣ್ಣುಹಣ್ಣು ಮುದುಕಿಯೊಬ್ಬರು ಕೈ ಬೀಸಿದರು.

"ನಮ್ಮಜ್ಜಿ. ಆ ಫೋಟೋದಲ್ಲಿರೋ ಮಗು ಇವರೇ" ಎಂದ ಎರಿಕ್.

ಅಮ್ಮನಿಗೆ ಇಂಗ್ಲಿಷ್ ಬಾರದು. ಹೇಳದೆ ವಿಧಿಯಿಲ್ಲ, ಅಮ್ಮನಿಗೆ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು.

"ಬದುಕಿರೋ ಜೀವಕ್ಕೆ ಎಡೆ ಇಟ್ಟುಬುಟ್ನಲ್ಲೋ. ಆಯಮ್ಮಂಗೆ ಏನಾರ ಆದ್ರೆ ಏನ್ಲಾ ಗತಿ?"

ಹಾರ ಕೀಳಲು ಹೋದಳು. ನಾನು ತಡವರಿಸುತ್ತ ಎರಿಕ್‌ಗೆ ವಿವರಿಸಿದೆ, ಅವನು ಅಜ್ಜಿಗೆ ಹೇಳಿದ. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ.

ಅಜ್ಜಿ ಕಣ್ಣೊರೆಸಿಕೊಂಡು ಹೇಳಿದ್ದಿಷ್ಟು: "ಸತ್ತ ಮೇಲೆ ನಮ್ಮಮ್ಮನನ್ನು ಊಟಕ್ಕೆ ಕರೆದವರು ನೀವೇ ಮೊದಲು. ನನಗೇನೂ ಆಗಲ್ಲ, ಹಾರ ಇರಲಿ."

ಅಮ್ಮ ಸುಮ್ಮನೆ ಒಪ್ಪುವವಳಲ್ಲ. ಫೋಟೋದ ಮಗು ಕಾಣದಂತೆ ವೀಳ್ಯದೆಲೆ ಮುಚ್ಚಿದಳು. "ಸತ್ರು ಅಂತ ಸುದ್ದಿಯಾದ್ರೆ ಆಯಸ್ಸು ಜಾಸ್ತಿಯಂತೆ. ನೂರು ವರ್ಷ ಇರ್ತಾರೆ ಅನ್ನು" ಎಂದ ಮೇಲೆಯೇ ಕರ್ಪೂರ ಹಚ್ಚಿದ್ದು.

ಎರಿಕ್ ಊರಿಗೆ ಹೋದ, ಫೋಟೋ ನಮ್ಮಲ್ಲೇ ಉಳಿಯಿತು. ಹೋದ ವರ್ಷವೂ ಎಡೆ ಇಡುವ ಮುಂಚೆ ಅಮ್ಮ ಅವನಿಗೆ ಫೋನ್ ಮಾಡಿಸಿದಳು. ಅತ್ತ ಅಜ್ಜಿಯ ಮುಖ ಕಾಣುವ ತನಕ ನನಗೆ ಅದೇ ಭಯ. ಕಂಡ ಮೇಲೆ ಅಮ್ಮ ವೀಳ್ಯದೆಲೆ ಮುಚ್ಚಿ, ಆಕೆಯ ತಾಯಿಗೆ ಬಡಿಸಿದಳು.